ಆ್ಯಂಟಿಬಯೋಟಿಕ್ ಇಲ್ಲದೆ ಮೀನು ಸಾಕುವುದು ಹೇಗೆ? ತೋಟದ ಕೆರೆಗೂ ಕೃಷಿ ಹೊಂಡಕ್ಕೂ ಸಮಗ್ರ ಮಾರ್ಗದರ್ಶಿ

ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಕೆರೆಯಲ್ಲಿ ನಾಲ್ಕು ಮೀನು ಸತ್ತು ತೇಲಿದರೆ ಜನ ಮೊದಲು ಓಡುವುದು ದನದ ಔಷಧಿ ಸಿಗುವ ಅಂಗಡಿಗೆ. ಅಲ್ಲಿಂದ ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಪುಡಿಯೋ ಇನ್ನೇನೋ ಬರುತ್ತದೆ. ಬಕೆಟ್‌ನಲ್ಲಿ ಕಲಸಿ, ಏರಿ ಮೇಲೆ ನಿಂತು ಎರಚುತ್ತಾರೆ. ಎರಡು ದಿನ ಸಾವು ನಿಂತರೆ ಔಷಧಿ ಕೆಲಸ ಮಾಡಿತು ಅಂತ ಲೆಕ್ಕ. ನಿಲ್ಲದಿದ್ದರೆ ಇನ್ನೊಂದು ಪ್ಯಾಕೆಟ್.

ಈಗೀಗ ಇದರ ಬದಲು ನೈಸರ್ಗಿಕ ದಾರಿ ಕೇಳುವವರು ಜಾಸ್ತಿ ಆಗಿದ್ದಾರೆ. ಒಳ್ಳೆಯದೇ. ಆದರೆ ಬಹಳ ಜನರ ಪ್ರಶ್ನೆ ಒಂದೇ: ಆ ಪುಡಿ ಬದಲು ಯಾವ ಸೊಪ್ಪು ಹಾಕಬೇಕು? ಬೆಳ್ಳುಳ್ಳಿ, ಅರಿಶಿನ, ಮೊಸರು ಇವಕ್ಕೆಲ್ಲ ಜಾಗ ಇದೆ, ಮುಂದೆ ಅಳತೆ ಸಮೇತ ಹೇಳುತ್ತೇನೆ. ಆದರೆ ಅವು ಸಾಲಿನಲ್ಲಿ ಕೊನೆಗೆ ಬರುತ್ತವೆ. ಮೊದಲು ಬರುವುದು ಸುಣ್ಣ, ಗಾಳಿ, ಒಳ್ಳೆಯ ಮರಿ, ಕೆಡದ ಆಹಾರ. ಮೀನಿಗೆ ರೋಗ ತರುವ ಏರೋಮೊನಾಸ್ ಎಂಬ ಬ್ಯಾಕ್ಟೀರಿಯಾ ಎಲ್ಲ ಕೆರೆಯಲ್ಲೂ ಯಾವಾಗಲೂ ಇರುತ್ತದೆ. ಮೀನು ಗಟ್ಟಿಯಾಗಿದ್ದಷ್ಟು ದಿನ ಅದರ ಆಟ ನಡೆಯುವುದಿಲ್ಲ. ನೀರು ಕೆಟ್ಟು ಮೀನು ಸೋತಾಗ ಅದು ಎದ್ದು ಬರುತ್ತದೆ.

ಮುಂದಿನ ಅಳತೆಗಳೆಲ್ಲ ಒಂದು ಎಕರೆ ವಿಸ್ತಾರ, ಸರಾಸರಿ ಒಂದು ಮೀಟರ್ ಆಳದ ಕೆರೆಗೆ. ಅಂದರೆ ಸುಮಾರು 40 ಲಕ್ಷ ಲೀಟರ್ ನೀರು. ಈ ಸಂಖ್ಯೆ ತಲೆಯಲ್ಲಿರಲಿ, ಪದೇ ಪದೇ ಬೇಕಾಗುತ್ತದೆ.

ಪುಡಿ ಎರಚಿದರೆ ಆಗುವುದೇನು?

ಮೀನು ಸಾಯಲು ಬ್ಯಾಕ್ಟೀರಿಯಾ ಒಂದೇ ಕಾರಣ ಅಲ್ಲ. ಆಮ್ಲಜನಕ ಕಡಿಮೆಯಾಗಿರಬಹುದು, ಮೀನು ಹೇನು ಹತ್ತಿರಬಹುದು, ಶಿಲೀಂಧ್ರ ಬಂದಿರಬಹುದು. ಈ ಮೂರಕ್ಕೂ ಆ್ಯಂಟಿಬಯೋಟಿಕ್ ಏನೂ ಮಾಡುವುದಿಲ್ಲ. ನಿಜವಾಗಿ ಬ್ಯಾಕ್ಟೀರಿಯಾ ರೋಗವೇ ಆಗಿದ್ದರೂ ಒಂದು ಪ್ಯಾಕೆಟ್ ಪುಡಿ 40 ಲಕ್ಷ ಲೀಟರ್‌ನಲ್ಲಿ ಕರಗಿ ಎಲ್ಲಿಗೂ ಸಾಲುವುದಿಲ್ಲ. ರೋಗಾಣು ಸಾಯದಷ್ಟು, ಅದಕ್ಕೆ ಆ ಔಷಧಿ ಅಭ್ಯಾಸವಾಗುವಷ್ಟು ಮಾತ್ರ ಉಳಿಯುತ್ತದೆ. ಮುಂದೆ ಅದೇ ಔಷಧಿ ಮೀನಿಗೂ ನಾಟುವುದಿಲ್ಲ, ಮನುಷ್ಯರಿಗೂ ನಾಟದೇ ಹೋಗಬಹುದು. ಜಾಸ್ತಿ ಪ್ರಮಾಣದಲ್ಲಿ ಸುರಿದರೆ ಇನ್ನೊಂದು ಫಜೀತಿ. ಕೆರೆಯ ತಳದಲ್ಲಿ ಅಮೋನಿಯಾವನ್ನು ನೈಟ್ರೇಟ್ ಮಾಡುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಏಟು ಬೀಳುತ್ತದೆ, ಅಮೋನಿಯಾ ಏರುತ್ತದೆ.

ಕಾನೂನಿನ ಮಾತೂ ಇದೆ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್ ಗುಂಪಿನ ಔಷಧಿಗಳನ್ನು ಮೀನು ಸಾಕಣೆಯಲ್ಲಿ ಬಳಸುವಂತೆಯೇ ಇಲ್ಲ. ಕೊಲಿಸ್ಟಿನ್ ಅನ್ನು 2019ರಲ್ಲಿ ಆಹಾರಕ್ಕಾಗಿ ಸಾಕುವ ಎಲ್ಲ ಪ್ರಾಣಿಗಳಿಗೂ ನಿಷೇಧಿಸಲಾಗಿದೆ. ಆಕ್ಸಿಟೆಟ್ರಾಸೈಕ್ಲಿನ್ ಶೇಷ ಮೀನಿನ ಮಾಂಸದಲ್ಲಿ ಕೆ.ಜಿ.ಗೆ 0.1 ಮಿಲಿಗ್ರಾಂ ದಾಟಬಾರದು.

ಗೊತ್ತಿಲ್ಲದೆಯೂ ಆ್ಯಂಟಿಬಯೋಟಿಕ್ ಕೆರೆಗೆ ಬರುವ ದಾರಿ ಒಂದಿದೆ: ಕೋಳಿ ಗೊಬ್ಬರ. ಫಾರಂ ಕೋಳಿಗೆ ಕೊಟ್ಟ ಔಷಧಿಯ ಒಂದು ಪಾಲು ಹಿಕ್ಕೆಯಲ್ಲೇ ಹೊರಬರುತ್ತದೆ. ಕೆರೆ ಮೇಲೆ ಕೋಳಿ ಗೂಡು ಕಟ್ಟಿ ಹಿಕ್ಕೆ ನೇರ ನೀರಿಗೆ ಬೀಳುವ ಹಾಗೆ ಮಾಡಿಕೊಂಡವರು ಇದನ್ನು ಯೋಚಿಸಬೇಕು. ಕೋಳಿ ಗೊಬ್ಬರ ಬೇಕೇ ಬೇಕು ಅಂದರೆ ಚೆನ್ನಾಗಿ ಕಾಂಪೋಸ್ಟ್ ಮಾಡಿ ಹಾಕಿ. ಔಷಧಿಯ ಪೂರ್ತಿ ಗುರುತು ಹೋಗದಿದ್ದರೂ ಎಷ್ಟೋ ಕಡಿಮೆಯಾಗುತ್ತದೆ. ಮನೆಯ ಕೊಟ್ಟಿಗೆ ಗೊಬ್ಬರ ಇದ್ದರೆ ಅದೇ ಲೇಸು.

ಹಂತ 1: ನಿಮ್ಮ ನೀರು ಯಾವ ಸೀಮೆಯದು?

ಎರಡು ಜಿಲ್ಲೆ ಹೆಸರಿಗೆ ಅಕ್ಕಪಕ್ಕ. ನೀರಿನ ಗುಣ ನೋಡಿದರೆ ಎರಡೂ ಜಿಲ್ಲೆಯೊಳಗೆ ಎರಡೆರಡು ಸೀಮೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಕೆಂಪು ಹುಳಿ ಮಣ್ಣು. ಮಳೆ ನೀರು, ಝರಿ ನೀರು. ತುಂಬಾ ಮೆದು ನೀರು ಅದು, ಸುಣ್ಣದ ಅಂಶವೇ ಇರುವುದಿಲ್ಲ. ಅರಸೀಕೆರೆ, ಕಡೂರು ಕಡೆ ಬೋರ್‌ವೆಲ್‌ನ ಗಡಸು ನೀರು. ಕೃಷಿ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ, ಬೇಸಿಗೆಯಲ್ಲಿ ಕಾದ ನೀರು, ಹಸಿರು ಪಾಚಿ. ಒಂದೂರಿನ ಸಲಹೆ ಇನ್ನೊಂದೂರಿಗೆ ಹೊಂದುವುದಿಲ್ಲ. ಅಂತರ್ಜಾಲದಲ್ಲಿ ಸಿಗುವ ಆಂಧ್ರದ ವಿಡಿಯೊ ಸಲಹೆ ಮೂಡಿಗೆರೆಯ ತೋಟದ ಕೆರೆಗಂತೂ ಸುತರಾಂ ಹೊಂದುವುದಿಲ್ಲ.

ಹಾಗಾಗಿ ಮೊದಲ ಖರ್ಚು ನೀರು ಪರೀಕ್ಷೆಯ ಕಿಟ್‌ಗೆ. ಪಿಎಚ್ (ನೀರು ಎಷ್ಟು ಹುಳಿ ಎಂಬ ಅಳತೆ), ಕ್ಷಾರತೆ (ಪಿಎಚ್ ಏರುಪೇರಾಗದಂತೆ ತಡೆಯುವ ಶಕ್ತಿ), ಅಮೋನಿಯಾ, ಕರಗಿದ ಆಮ್ಲಜನಕ ಇವು ನಾಲ್ಕು ಸಾಕು. ಹನಿ ಎಣಿಸಿ, ಬಣ್ಣ ನೋಡಿ ಓದುವ ಕಿಟ್ ಯಾರಿಗಾದರೂ ಬರುತ್ತದೆ. ಕಾಟ್ಲಾ, ರೋಹು, ಮೃಗಾಲ್‌ನಂಥ ಗೆಂಡೆ ಮೀನಿಗೆ ಪಿಎಚ್ 7ರಿಂದ 8.5 ಇರಬೇಕು. ಆಮ್ಲಜನಕ ಲೀಟರ್‌ಗೆ 5 ಮಿಲಿಗ್ರಾಂಗಿಂತ ಮೇಲಿದ್ದರೆ ನೆಮ್ಮದಿ. ಕ್ಷಾರತೆ ಲೀಟರ್‌ಗೆ 80ರಿಂದ 200 ಮಿಲಿಗ್ರಾಂ ಒಳ್ಳೆಯದು. 50ಕ್ಕಿಂತ ಕೆಳಗಿದ್ದರೆ ಆ ನೀರಿಗೆ ತಾಳಿಕೆ ಇಲ್ಲ ಅಂತ ಅರ್ಥ. ಬೆಳಗ್ಗೆ ಒಂದು ಪಿಎಚ್, ಮಧ್ಯಾಹ್ನ ಇನ್ನೊಂದು. ಮೀನು ಒಗ್ಗಿಕೊಳ್ಳುವುದರಲ್ಲೇ ಸೋತುಬಿಡುತ್ತದೆ. ಮಲೆನಾಡಿನ ಕೆರೆಗಳಲ್ಲಿ ಮೀನಿಗೆ ಹುಣ್ಣು ಬರುವುದರ ಹಿಂದೆ ಬಹಳ ಸಲ ಇದೇ ಇರುತ್ತದೆ.

ಇದಕ್ಕೆ ಮದ್ದು ಸುಣ್ಣ. ಕಾಫಿಗೆ ಸುಣ್ಣ, ಡೋಲಮೈಟ್ ಕೊಡುವ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ಮಣ್ಣು ತಾನೇ ಕೆರೆಯ ತಳದಲ್ಲೂ ಇರುವುದು! ಕೆರೆ ಖಾಲಿ ಇರುವಾಗ ತಳದ ಮಣ್ಣಿನ ಪಿಎಚ್ ನೋಡಿ. 7ರ ಆಸುಪಾಸು ಇದ್ದರೆ ಎಕರೆಗೆ 80ರಿಂದ 100 ಕೆ.ಜಿ. ಸಾಕು. 6ರ ಹತ್ತಿರ ಇದ್ದರೆ 200ರಿಂದ 400 ಕೆ.ಜಿ. 5ಕ್ಕೆ ಇಳಿದಿದ್ದರೆ 400 ದಾಟಿ 800ರವರೆಗೂ ಹೋಗಬೇಕಾದೀತು. ಮೀನು ಇರುವಾಗ ಹಾಕುವುದಾದರೆ ಒಂದು ಸಲಕ್ಕೆ 20ರಿಂದ 40 ಕೆ.ಜಿ. ಮಾತ್ರ. ಸುಟ್ಟ ಸುಣ್ಣವಾದರೆ ಹಿಂದಿನ ದಿನವೇ ಡ್ರಮ್ಮಿನಲ್ಲಿ ನೀರು ಹಾಕಿ ಅರಳಿಸಿ, ಪೂರ್ತಿ ಆರಿದ ಮೇಲೆ ಬೆಳಗ್ಗೆ ಎರಚಿ. ಬಿಸಿ ಸುಣ್ಣ ಎರಚಬೇಡಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲಿ.

ಕಡೂರು, ಅರಸೀಕೆರೆ ಕಡೆಯವರು ಈ ಸುಣ್ಣದ ಮಾತು ಓದಿ ಚೀಲ ಹೊತ್ತು ತರಬೇಡಿ. ನಿಮ್ಮ ನೀರಿನಲ್ಲಿ ಸುಣ್ಣ ಈಗಾಗಲೇ ಇದೆ. ಪಿಎಚ್ 8.5 ದಾಟಿದ ನೀರಿಗೆ ಸುಣ್ಣ ಬಿದ್ದರೆ ಅಲ್ಲಿರುವ ಅಮೋನಿಯಾ ಇನ್ನಷ್ಟು ವಿಷವಾಗುತ್ತದೆ. ನಿಮ್ಮ ತಲೆನೋವು ಬೇರೆ: ಹೊಂಡದ ತಳದ ಕೆಸರು ಮತ್ತು ಪಾಚಿ. ಅದಕ್ಕೆ ಆಹಾರ ಕಡಿಮೆ ಮಾಡಿ, ತಳದ ನೀರನ್ನು ಪಂಪಿನಿಂದ ಎತ್ತಿ ತೆಂಗಿಗೋ ತರಕಾರಿಗೋ ಬಿಟ್ಟು, ಅಷ್ಟೇ ಹೊಸ ನೀರು ತುಂಬಿಸಿ. ತೆಂಗಿಗೂ ಗೊಬ್ಬರದ ನೀರು ಸಿಕ್ಕಂತಾಯಿತು.

ಹಂತ 2: ಕೆರೆಗೆ ಏನೇನು ಹರಿದು ಬರುತ್ತಿದೆ?

ತೋಟದ ಕೆರೆಯವರು ಇದನ್ನು ಎರಡು ಸಲ ಓದಿ.

ಕಾಫಿ, ಮೆಣಸು, ಅಡಿಕೆಗೆ ಶಿಲೀಂಧ್ರ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ತಾಮ್ರ ಮೀನಿನ ಕಿವಿರನ್ನು ಸುಡುತ್ತದೆ, ಅದೂ ಮೆದು ನೀರಿನಲ್ಲಿ ಗಡಸು ನೀರಿಗಿಂತ ಎಷ್ಟೋ ಪಟ್ಟು ಜಾಸ್ತಿ. ಬೋರ್ಡೋ ಹೊಡೆದ ಮಾರನೇ ದಿನ ಜೋರು ಮಳೆ ಬಂದು ಇಳಿಜಾರಿನ ನೀರೆಲ್ಲ ಕೆರೆಗೆ ನುಗ್ಗಿದರೆ ಮೀನು ಸಾಯುತ್ತದೆ, ಅಥವಾ ಸಾಯದೆ ಸೊರಗಿ ಹದಿನೈದು ದಿನಕ್ಕೆ ಹುಣ್ಣು ಬರುತ್ತದೆ. ಡ್ರಮ್ಮು, ಸ್ಪ್ರೇಯರ್ ತೊಳೆದ ನೀರು ಕೆರೆಗೆ ಹೋಗುವುದಂತೂ ಬೇಡವೇ ಬೇಡ.

ಇನ್ನೊಂದು ಪಲ್ಪರ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದಿಂದ ಬರುವ ನೀರು. ಡಿಸೆಂಬರ್, ಜನವರಿಯಲ್ಲಿ ಹಣ್ಣು ಪಲ್ಪ್ ಮಾಡಿದ ನೀರು ಹುಳಿ, ಸಿಹಿ ಎರಡೂ ಕೂಡಿದ್ದು. ಅದು ಕೆರೆಗೆ ಸೇರಿದರೆ ಕೊಳೆಯುವಾಗ ಆಮ್ಲಜನಕವನ್ನೆಲ್ಲ ನುಂಗಿಬಿಡುತ್ತದೆ. ನೀರು ಕಂದಾಗಿ ವಾಸನೆ ಬರುವಷ್ಟರಲ್ಲಿ ಮೀನು ತೇಲಿರುತ್ತದೆ. ಆಗ ಯಾವ ಅಂಗಡಿಯ ಪುಡಿ ತಂದೂ ಪ್ರಯೋಜನವಿಲ್ಲ.

ಮಾಡಬೇಕಾದ್ದು ಗುದ್ದಲಿ ಕೆಲಸ. ಕೆರೆಯ ಮೇಲ್ಭಾಗದಲ್ಲಿ ಒಂದು ಅಡ್ಡ ಕಾಲುವೆ ತೆಗೆದು ಇಳಿಜಾರಿನ ನೀರನ್ನು ಪಕ್ಕಕ್ಕೆ ತಿರುಗಿಸಿ. ಕೆರೆಗೆ ಬೇಕಾದ ನೀರನ್ನು ಒಂದೇ ಕಡೆಯಿಂದ, ಜರಡಿ ಕಟ್ಟಿದ ಪೈಪಿನಲ್ಲಿ ಬಿಡಿ. ಜರಡಿ ಇದ್ದರೆ ಹಳ್ಳದ ಕಾಡು ಮೀನು ಮತ್ತು ಅವು ಹೊತ್ತು ತರುವ ಹೇನು ಎರಡೂ ಹೊರಗೇ ಉಳಿಯುತ್ತವೆ.

ಹಂತ 3: ಮರಿ ಬಿಡುವ ಮುಂಚೆ

ಕೆರೆ ಒಣಗಿಸಲು ಬರುತ್ತದೆ ಅಂದರೆ ಒಣಗಿಸಿ. ನೆಲ ಬಿರುಕು ಬಿಡುವವರೆಗೆ ಬಿಸಿಲು ತಿನ್ನಲಿ. ಮೇಲಿನ ಕಪ್ಪು ಹೂಳು ತೆಗೆದು ತೋಟಕ್ಕೆ ಹಾಕಿ. ಬಿಸಿಲಿಗಿಂತ ಅಗ್ಗದ ರೋಗನಾಶಕ ಇನ್ನೊಂದಿಲ್ಲ. ಹೂ ಅರಳಲೆಂದು ಕಾಫಿಗೆ ಬ್ಲಾಸಮ್ ನೀರು ಕೊಟ್ಟು ಕೆರೆ ಹೇಗೂ ತಳ ಕಂಡಿರುತ್ತದೆ, ಮಾರ್ಚ್, ಏಪ್ರಿಲ್ ಇದಕ್ಕೆ ಸರಿಯಾದ ಕಾಲ.

ಒಣಗಿಸಲು ಆಗದ ಕೆರೆಯಲ್ಲಿ ಕೊರಮೀನಿನಂಥ ಮರಿ ತಿನ್ನುವ ಮೀನು ಉಳಿದಿದ್ದರೆ ಹಿಪ್ಪೆ ಹಿಂಡಿ ಹಾಕಬಹುದು. ಎಕರೆಗೆ ಸುಮಾರು ಒಂದು ಟನ್ ಬೇಕು. ಹಿಂದಿನ ರಾತ್ರಿ ನೆನೆಸಿ ಎರಚಿದರೆ ಇದ್ದ ಮೀನೆಲ್ಲ ಮೇಲೆ ಬರುತ್ತವೆ. ಮೂರು ವಾರ ಬಿಟ್ಟರೆ ವಿಷ ಇಳಿದು ಅದೇ ಗೊಬ್ಬರ. ಆಮೇಲೂ ಒಂದು ಬುಟ್ಟಿಯಲ್ಲಿ ನಾಲ್ಕೈದು ಮರಿ ಒಂದು ದಿನ ಇಟ್ಟು ನೋಡದೆ ಮಿಕ್ಕವನ್ನು ಬಿಡಬೇಡಿ. ನೈಸರ್ಗಿಕ ಅಂದ ಮಾತ್ರಕ್ಕೆ ಮೀನಿಗೆ ಹಿತ ಅಂದುಕೊಳ್ಳುವವರಿಗೆ ಹಿಪ್ಪೆ ಹಿಂಡಿಯೇ ಉತ್ತರ. ಹಿಂದೆ ಹಳ್ಳದ ಮಡುವಿಗೆ ಕಾರೆಕಾಯಿ ಜಜ್ಜಿ ಹಾಕಿ ಮೀನು ಹಿಡಿಯುತ್ತಿದ್ದರಲ್ಲ, ಅದೂ ನೈಸರ್ಗಿಕವೇ.

ಹಂತ 4: ಮರಿ ಆರಿಸುವುದು, ಉಪ್ಪಿನ ಸ್ನಾನ

ಎಕರೆಗೆ ಬೆರಳುದ್ದದ 2,000 ಮರಿ ಸಾಕು. ಕಾಟ್ಲಾ ನಾಲ್ಕು ಪಾಲು, ರೋಹು ಮೂರು, ಮೃಗಾಲ್ ಮೂರು. ನೆರಳು ಜಾಸ್ತಿ ಇರುವ ತೋಟದ ಕೆರೆಯಾದರೆ ಇನ್ನೂ ಕಡಿಮೆ ಬಿಡಿ. ಅಲ್ಲಿ ಬಿಸಿಲು ಬೀಳುವುದಿಲ್ಲ, ನೀರಿನಲ್ಲಿ ಸಹಜ ಆಹಾರ ಹುಟ್ಟುವುದೂ ಕಡಿಮೆ. 5,000 ಮರಿ ಬಿಟ್ಟು ಗಾಳಿ ಯಂತ್ರವೂ ಇಲ್ಲದೆ "ರೋಗ ಯಾಕೆ ಬರುತ್ತೆ" ಅಂತ ಕೇಳಿದರೆ ಯಾರು ತಾನೇ ಏನು ಹೇಳಲಿ?

ಮರಿ ತರುವಾಗ ಒಂದನ್ನು ಅಂಗೈ ಮೇಲಿಟ್ಟು ನೋಡಿ. ಮೈ ಮೇಲೆ ಲೋಳೆ ತೆಳ್ಳಗೆ ಹೊಳೆಯುತ್ತಿರಬೇಕು, ಬಿಳಿ ಪೊರೆ ಕಟ್ಟಿರಬಾರದು. ಬಾಲದ ಅಂಚು ನೇರವಾಗಿರಬೇಕು. ಹರಿದಂತೆ, ಬಿಳಿಚಿದಂತೆ ಇದ್ದರೆ ಬಾಲ ಕೊಳೆಯುವ ರೋಗ ಶುರುವಾಗಿದೆ. ಕಿವಿರಿನ ಮುಚ್ಚಳವನ್ನು ಉಗುರಿನಿಂದ ಮೆಲ್ಲಗೆ ಎತ್ತಿದರೆ ಒಳಗೆ ಕೆಂಪಗೆ ಕಾಣಬೇಕು. ಟಬ್ಬಿನ ನೀರನ್ನು ಕೈಯಲ್ಲಿ ತಿರುವಿದಾಗ ಮರಿ ನೀರಿಗೆ ಎದುರು ಈಜಬೇಕು. ಸುಳಿಯ ಜೊತೆ ತಿರುಗುತ್ತಾ ಮಧ್ಯಕ್ಕೆ ಬಂದು ಕೂರುವ ಮರಿಗಳು ಜಾಸ್ತಿ ಇದ್ದರೆ ಆ ಟಬ್ಬನ್ನು ಬಿಟ್ಟು ಬನ್ನಿ.

ಮನೆಗೆ ತಂದ ಮೇಲೆ ಚೀಲವನ್ನು ಹಾಗೇ ಕೆರೆ ನೀರಿನಲ್ಲಿ 15–20 ನಿಮಿಷ ತೇಲಿಬಿಡಿ. ಆಮೇಲೆ ಉಪ್ಪಿನ ಸ್ನಾನ. 20 ಲೀಟರ್ ನೀರಿಗೆ 400ರಿಂದ 600 ಗ್ರಾಂ ಕಲ್ಲುಪ್ಪು ಕರಗಿಸಿ. ಮರಿಗಳನ್ನು ಚಿಕ್ಕ ಬಲೆಯಲ್ಲೇ ಇಟ್ಟುಕೊಂಡು ಒಂದೆರಡು ನಿಮಿಷ ಅದ್ದಿ. ಗಡಿಯಾರಕ್ಕಿಂತ ಮರಿ ಮೇಲೆ ಕಣ್ಣಿರಲಿ. ಪಕ್ಕಕ್ಕೆ ವಾಲಲು ಶುರುವಾದ ತಕ್ಷಣ ಎತ್ತಿ. ಮೈಗೆ ಅಂಟಿದ ಪರೋಪಜೀವಿಗಳು ಉದುರುತ್ತವೆ. ಸಾಧ್ಯವಿದ್ದರೆ ಹತ್ತು ದಿನ ಹಾಪಾದಲ್ಲೇ (ನೀರಿನಲ್ಲಿ ಕಟ್ಟುವ ಬಲೆಯ ತೊಟ್ಟಿ) ಇಟ್ಟು ನೋಡಿ, ನಂತರ ಕೆರೆಗೆ ಬಿಡಿ.

ಈ ಉಪ್ಪು ಟಬ್ಬಿಗೆ ಮಾತ್ರ. ಮೀನು ಸುಸ್ತಾದಾಗ ಕೆರೆಗೆ ಹತ್ತು ಕೆ.ಜಿ. ಉಪ್ಪು ಎರಚುವವರಿದ್ದಾರೆ. 40 ಲಕ್ಷ ಲೀಟರ್‌ಗೆ ಹತ್ತು ಕೆ.ಜಿ. ಅಂದರೆ ಲೀಟರ್‌ಗೆ ಎರಡೂವರೆ ಮಿಲಿಗ್ರಾಂ. ಮೀನಿಗೆ ಗೊತ್ತೂ ಆಗುವುದಿಲ್ಲ. ಲೀಟರ್‌ಗೆ ಒಂದು ಗ್ರಾಂ ಮಾಡಬೇಕೆಂದರೆ ನಾಲ್ಕು ಟನ್ ಉಪ್ಪು ಬೇಕು. ಸುಮ್ನೆ ಮನಸ್ಸಿನ ಸಮಾಧಾನಕ್ಕೆ ಎರಚುವುದಾದರೆ ಎರಚಿ.

ಹಂತ 5: ದಿನದ ನೋಟ

ಬೆಳಗಿನ ಜಾವ ಐದೂವರೆ, ಆರರ ಹೊತ್ತಿಗೆ ಒಮ್ಮೆ ಕೆರೆ ಹತ್ತಿರ ಹೋಗಿ. ಇಡೀ ದಿನದಲ್ಲಿ ಆಮ್ಲಜನಕ ಅತಿ ಕಡಿಮೆ ಇರುವ ಹೊತ್ತು ಅದು. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅವತ್ತು ಆಹಾರ ನಿಲ್ಲಿಸಿ, ಗಾಳಿ ಕೊಡಿ. ಗಾಳಿ ಯಂತ್ರ ಇಲ್ಲದಿದ್ದರೆ ತೋಟದ ಸ್ಪ್ರಿಂಕ್ಲರ್ ಪಂಪು ಇದೆ ಅಲ್ವಾ? ಅದೇ ಕೆರೆಯ ನೀರೆಳೆದು, ಒಂದು ಜೆಟ್ಟನ್ನು ಕೆರೆ ಮೇಲೇ ತಿರುಗಿಸಿ ಬಿಸಿಲೇರುವವರೆಗೆ ಓಡಿಸಿ. ಹನಿಯಾಗಿ ಬೀಳುವ ನೀರು ಗಾಳಿ ಹೊತ್ತು ತರುತ್ತದೆ.

ಬಿಸಿಲು ಬಂದ ಮೇಲೆ ಕೈಯನ್ನು ಮೊಣಕೈವರೆಗೆ ನೀರಿಗೆ ಇಳಿಸಿ ಅಂಗೈ ನೋಡಿ. ಮಸುಕಾಗಿ ಕಂಡರೆ ಸರಿ. ಮೊಣಕೈ ಮುಳುಗುವ ಮೊದಲೇ ಅಂಗೈ ಮಾಯವಾದರೆ ಪಾಚಿ ಜಾಸ್ತಿಯಾಗಿದೆ, ಗೊಬ್ಬರ ನಿಲ್ಲಿಸಿ. ತಳದವರೆಗೂ ಕಂಡರೆ ನೀರಿನಲ್ಲಿ ಆಹಾರ ಇಲ್ಲ.

ಜೂನ್‌ನಿಂದ ಮಲೆನಾಡಿನಲ್ಲಿ ವಾರಗಟ್ಟಲೆ ಸೂರ್ಯನೇ ಕಾಣುವುದಿಲ್ಲ. ಆಗ ಪಾಚಿ ಉತ್ಪಾದಿಸುವ ಆಮ್ಲಜನಕ ತೀರಾ ಕಡಿಮೆ. ಮೋಡದ ದಿನ ಆಹಾರ ಅರ್ಧಕ್ಕೆ ಇಳಿಸಿ. ಹಸಿ ಸಗಣಿಯನ್ನಂತೂ ಆ ದಿನಗಳಲ್ಲಿ ಹಾಕಲೇಬೇಡಿ.

ಮಳೆಗಾಲದ ಇನ್ನೊಂದು ಶತ್ರು ಬೂಷ್ಟು. ಕಡಲೆಕಾಯಿ ಹಿಂಡಿ ಮೂಟೆಯನ್ನು ಒದ್ದೆ ಗೋಡೆಗೆ ಒರಗಿಸಿಟ್ಟರೆ ಹದಿನೈದು ದಿನಕ್ಕೆ ಹಸಿರು, ಬಿಳಿ ಬೂಷ್ಟು. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಇದ್ದರೆ ಮೀನಿನ ಪಿತ್ತಜನಕಾಂಗ ಕೆಡುತ್ತದೆ, ರೋಗ ತಡೆಯುವ ಶಕ್ತಿ ಕುಸಿಯುತ್ತದೆ. "ಮೀನಿಗೆ ತಾನೇ" ಅಂತ ಬೂಷ್ಟು ಹಿಂಡಿ ಕೊಟ್ಟು, ಆಮೇಲೆ ರೋಗಕ್ಕೆ ಬೆಳ್ಳುಳ್ಳಿ ಹುಡುಕಬೇಡಿ. ಮೂಟೆಯನ್ನು ಹಲಗೆ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಿ. ಒಂದು ತಿಂಗಳಿಗಾಗುವಷ್ಟು ಮಾತ್ರ ತನ್ನಿ.

ಹಂತ 6: ಬೆಳ್ಳುಳ್ಳಿ–ಅರಿಶಿನದ ಆಹಾರ

ಭುವನೇಶ್ವರದ ಹತ್ತಿರ ಇರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ವಿಜ್ಞಾನಿಗಳು ರೋಹು ಮರಿಗಳಿಗೆ ಬೆಳ್ಳುಳ್ಳಿ ಬೆರೆಸಿದ ಆಹಾರ ಕೊಟ್ಟು, ಆಮೇಲೆ ಏರೋಮೊನಾಸ್ ಸೋಂಕು ತಗುಲಿಸಿ ನೋಡಿದ್ದಾರೆ. ಬೆಳ್ಳುಳ್ಳಿ ತಿಂದವು ಜಾಸ್ತಿ ಬದುಕಿದವು. ಅರಿಶಿನದ ಪ್ರಯೋಗವೂ ಹೀಗೇ ನಡೆದಿದೆ. ಇದರಲ್ಲಿ ಒಂದು ಮಾತು ಗಮನಿಸಿ: ಮೊದಲು ತಿನ್ನಿಸಿ, ಆಮೇಲೆ ಸೋಂಕು. ರೋಗ ಬಂದ ಮೀನು ಆಹಾರ ಬಿಡುತ್ತದೆ. ಬಾಯಿಗೇ ಹೋಗದ ಮದ್ದು ಆ್ಯಂಟಿಬಯೋಟಿಕ್ ಆದರೇನು, ಬೆಳ್ಳುಳ್ಳಿ ಆದರೇನು? ಹಾಗಾಗಿ ಇದು ಮುಂಚಿತವಾಗಿ ಕೊಡುವ ಆಹಾರ.

ತಲಾ ಕಾಲು ಕೆ.ಜಿ. ತೂಗುವ 2,000 ಮೀನು ಅಂದರೆ 500 ಕೆ.ಜಿ. ತೂಕದ ನೂರಕ್ಕೆ ಎರಡರಷ್ಟು ಅಂದರೆ ದಿನಕ್ಕೆ 10 ಕೆ.ಜಿ. ಆಹಾರ. ಅದಕ್ಕೆ ಸುಲಿದ ಬೆಳ್ಳುಳ್ಳಿ 50ರಿಂದ 100 ಗ್ರಾಂ, ಅರಿಶಿನ ಪುಡಿ 20ರಿಂದ 50 ಗ್ರಾಂ. ಅರಿಶಿನ ಮನೆಯಲ್ಲಿ ಪುಡಿ ಮಾಡಿದ್ದಾದರೆ ಒಳ್ಳೆಯದು, ಬಣ್ಣ ಬೆರೆಸಿದ ಪುಡಿ ಬೇಡ.

ಬೆಳ್ಳುಳ್ಳಿಯನ್ನು ಒರಳಲ್ಲಿ ಹಸಿಯಾಗಿಯೇ ಜಜ್ಜಿ ಹತ್ತು ನಿಮಿಷ ಹಾಗೇ ಬಿಡಿ. ಘಾಟು ಮೂಗಿಗೆ ಏರಬೇಕು. ಆ ಘಾಟಿನ ಅಲಿಸಿನ್ನೇ ಕೆಲಸದ ವಸ್ತು, ಎಸಳು ಜಜ್ಜಿದ ಮೇಲೇ ಅದು ಹುಟ್ಟುವುದು. ಬೇಯಿಸಿದರೆ ಹೋಗಿಬಿಡುತ್ತದೆ. ಇನ್ನೊಂದು ಪಾತ್ರೆಯಲ್ಲಿ ಅಕ್ಕಿ ಗಂಜಿ ಮಾಡಿ, ಕೈ ಇಡುವಷ್ಟು ಆರಿಸಿ. ಒಂದು ಲೀಟರ್ ಸಾಕು. ಅದಕ್ಕೆ ಬೆಳ್ಳುಳ್ಳಿ, ಅರಿಶಿನ ಹಾಕಿ ಕಲಸಿ. ಅಂಗಡಿಯ ಗುಳಿಗೆ ಫೀಡ್ ಆಗಿದ್ದರೆ ಟಾರ್ಪಾಲ್ ಮೇಲೆ ಹರಡಿ, ಈ ಗಂಜಿಯನ್ನು ಚಿಮುಕಿಸುತ್ತಾ ಕೈಯಾಡಿಸಿ. ಪ್ರತಿ ಗುಳಿಗೆಗೂ ತೆಳ್ಳಗೆ ಹಳದಿ ಹಿಡಿಯಬೇಕು, ಮೆತ್ತಗಾಗಬಾರದು. ಅರ್ಧ ಗಂಟೆ ನೆರಳಲ್ಲಿ ಆರಿಸಿ, ಅದೇ ದಿನ ಹಾಕಿ ಮುಗಿಸಿ. ತೌಡು–ಹಿಂಡಿಯಾಗಿದ್ದರೆ ಇನ್ನೂ ಸುಲಭ. ಉಂಡೆ ಕಟ್ಟುವಾಗಲೇ ಸೇರಿಸಿ, ತಟ್ಟೆಯಲ್ಲಿಟ್ಟು ನೀರಿಗೆ ಇಳಿಬಿಡಿ. ಎರಡು ಗಂಟೆ ಬಿಟ್ಟು ತಟ್ಟೆ ಎತ್ತಿ ನೋಡಿ. ಉಳಿದಿದ್ದರೆ ಬೆಳ್ಳುಳ್ಳಿ ಜಾಸ್ತಿ ಆಗಿದೆ, ಇಲ್ಲ ಮೀನಿಗೆ ಹಸಿವಿಲ್ಲ.

ವರ್ಷಪೂರ್ತಿ ಬೇಡ. ತಿಂಗಳಿಗೆ ಹತ್ತು ದಿನ ಕೊಟ್ಟರೆ ಖರ್ಚಿಗೂ ಹೊಂದುತ್ತದೆ. ಆ ಹತ್ತು ದಿನ ಯಾವುವು ಎಂಬುದರಲ್ಲಿ ಜಾಣತನ ಇರಲಿ: ಮುಂಗಾರು ಹಿಡಿಯುವ ಮುಂಚೆ, ಬಲೆ ಎಳೆಯುವ ಮುಂಚೆ, ನವೆಂಬರ್‌ನಲ್ಲಿ ಚಳಿ ಶುರುವಾಗುವ ಮುಂಚೆ. ಚಳಿ ಪೂರ್ತಿ ಬಿದ್ದ ಮೇಲೆ ಗೆಂಡೆಗಳು ತಿನ್ನುವುದೇ ಕಡಿಮೆ.

ತುಳಸಿ, ಅಮೃತಬಳ್ಳಿ, ಉತ್ತರಾಣಿ ಇವುಗಳ ಮೇಲೂ ಮೀನಿನಲ್ಲಿ ಪ್ರಯೋಗಗಳಾಗಿವೆ. ಆದರೆ ಒಣ ಸೊಪ್ಪೋ, ಸಾರವೋ, ಬೀಜವೋ ಎನ್ನುವುದರ ಮೇಲೆ ಅಳತೆ ಬದಲಾಗುತ್ತದೆ. ಬೇವಿನ ಬಗ್ಗೆ ಎಚ್ಚರ. ಬೇವಿನ ಎಣ್ಣೆ, ಗಟ್ಟಿ ಕಷಾಯ ಕೆರೆಗೆ ಸುರಿದರೆ ಮೀನಿಗೇ ವಿಷ.

ಹಂತ 7: ಪ್ರೊಬಯೋಟಿಕ್

ಬ್ಯಾಸಿಲಸ್, ಲ್ಯಾಕ್ಟೋಬ್ಯಾಸಿಲಸ್ ಜಾತಿಯ ಒಳ್ಳೆಯ ಬ್ಯಾಕ್ಟೀರಿಯಾಗಳು ತಳದ ಕೊಳೆ ತಿನ್ನುತ್ತವೆ, ಮೀನಿನ ಕರುಳಿನಲ್ಲಿ ಕೆಟ್ಟದ್ದಕ್ಕೆ ಜಾಗ ಬಿಡುವುದಿಲ್ಲ. ಅಂಗಡಿಯಲ್ಲಿ ತರುವುದಾದರೆ ಪ್ಯಾಕೆಟ್ ಮೇಲೆ ಬ್ಯಾಕ್ಟೀರಿಯಾ ಹೆಸರು, ಗ್ರಾಂಗೆ ಎಷ್ಟು ಎಂಬ ಲೆಕ್ಕ, ತಯಾರಾದ ದಿನಾಂಕ ಮೂರೂ ಇರಬೇಕು. ಬರೀ ಮೀನಿನ ಚಿತ್ರ ಇದ್ದರೆ ವಾಪಸ್ ಇಡಿ.

ಮನೆಯಲ್ಲಿ ಮಾಡುವುದಾದರೆ 20 ಲೀಟರ್ ಕ್ಲೋರಿನ್ ಇಲ್ಲದ ನೀರು, ಒಂದು ಕೆ.ಜಿ. ಬೆಲ್ಲ, ಎರಡು ಕೆ.ಜಿ. ತಾಜಾ ಅಕ್ಕಿ ತೌಡು, ಅರ್ಧ ಲೀಟರ್ ಮನೆಯ ಮೊಸರು. ಡ್ರಮ್ಮಿನ ಬಾಯಿಗೆ ಬಟ್ಟೆ ಕಟ್ಟಿ ಎರಡು ದಿನ ನೆರಳಲ್ಲಿಡಿ, ಚಳಿಗಾಲದಲ್ಲಿ ಮೂರು. ದೋಸೆ ಹಿಟ್ಟಿನ ಹಾಗೆ ಹಿತವಾದ ಹುಳಿ ವಾಸನೆ ಬಂದರೆ ಹದ. ಕೊಳೆತ ವಾಸನೆ ಬಂದರೆ ತಿಪ್ಪೆಗೆ. ಬೆಳಗ್ಗೆ ಒಂಬತ್ತರ ಮೇಲೆ, ಬಿಸಿಲಿರುವ ದಿನ ಸೋಸಿ ಎರಚಿ. ಇದನ್ನು ಹಾಕಿದಾಗ ನೀರಿನ ಆಮ್ಲಜನಕ ಒಂದಷ್ಟು ಖರ್ಚಾಗುತ್ತದೆ, ಹಾಗಾಗಿ ಸಂಜೆ ಹೊತ್ತು, ಮೋಡದ ದಿನ ಹಾಕಬಾರದು. ಸುಣ್ಣ ಹಾಕಿದ ಮೇಲೆ ನಾಲ್ಕೈದು ದಿನ ಅಂತರ ಬಿಡಿ. ಇದರ ಮೇಲೆ ಭಾರೀ ನಿರೀಕ್ಷೆ ಬೇಡ. ಕೆಸರು ತುಂಬಿದ ಹೊಂಡದಲ್ಲಿ ತಳದ ನೀರು ಬದಲಿಸುವುದು ಇದಕ್ಕಿಂತ ಬೇಗ ಫಲ ಕೊಡುತ್ತದೆ.

ಲಸಿಕೆಯ ಮಾತೂ ಕೇಳಿರಬಹುದು. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ 1990ರ ದಶಕದಲ್ಲೇ ಏರೋಮೊನಾಸ್ ವಿರುದ್ಧ ಗೆಂಡೆಗಳಿಗೆ ಆಹಾರದಲ್ಲಿ ಕೊಡುವ ಲಸಿಕೆಯ ಸಂಶೋಧನೆ ನಡೆದಿದೆ.

ಹಂತ 8: ಆದರೂ ರೋಗ ಬಂದರೆ

ಬೀಸು ಬಲೆ ಹಾಕಿ ನಾಲ್ಕೈದು ಮೀನು ಹಿಡಿದು, ಬಿಳಿ ತಟ್ಟೆಯಲ್ಲಿಟ್ಟು ನೋಡಿ.

ಮೈ ಮೇಲೆ ಮಸೂರದಷ್ಟು ಅಗಲದ, ಚಪ್ಪಟೆಯಾದ, ಪಾರದರ್ಶಕ ಹುಳು ಸರಿದಾಡುತ್ತಿದ್ದರೆ ಮೀನು ಹೇನು. ಇಂಥ ಮೀನು ಏರಿ ಕಲ್ಲಿಗೆ ಮೈ ಉಜ್ಜುತ್ತಿರುತ್ತದೆ, ನೀರಿನಿಂದ ಹಾರುತ್ತಿರುತ್ತದೆ. ಹೇನು ಮೊಟ್ಟೆ ಇಡುವುದು ಮೀನಿನ ಮೈ ಮೇಲಲ್ಲ, ಗಟ್ಟಿ ಮೇಲ್ಮೈಗೆ. ಅದಕ್ಕೇ ಅಲ್ಲಲ್ಲಿ ಬಿದಿರು ಗಳ, ಹಲಗೆ ನೆಟ್ಟು, ವಾರಕ್ಕೊಮ್ಮೆ ಎತ್ತಿ ಬಿಸಿಲಲ್ಲಿ ಪೂರ್ತಿ ಒಣಗಿಸಿ ಮತ್ತೆ ನೆಡಿ. ಒಂದೂವರೆ ತಿಂಗಳು ಬಿಡದೆ ಮಾಡಿದರೆ ಕಾಟ ಇಳಿಯುತ್ತದೆ. ಹೇನು ಇಲ್ಲದ ಕೆರೆಯಲ್ಲಿ ಅದೇ ಬಿದಿರನ್ನು ಎತ್ತದೆ ಬಿಡಿ. ಅದರ ಮೇಲೆ ಬೆಳೆಯುವ ಪಾಚಿ ರೋಹುವಿಗೆ ಒಳ್ಳೆಯ ಮೇವು.

ಡಿಸೆಂಬರ್, ಜನವರಿಯ ಚಳಿಯಲ್ಲಿ ಮೈ ಮೇಲೆ ಕೆಂಪು ಕಲೆ ಎದ್ದು, ಆಳದ ಹುಣ್ಣಾದರೆ ಅದು ಸಾಂಕ್ರಾಮಿಕ ಹುಣ್ಣು ರೋಗ ಇರಬಹುದು. ಅದರ ಮೂಲ ಶಿಲೀಂಧ್ರದಂಥ ಜೀವಿ, ಬ್ಯಾಕ್ಟೀರಿಯಾ ಆಮೇಲೆ ಸೇರಿಕೊಳ್ಳುತ್ತದೆ. ಕ್ಷಾರತೆ ಕಡಿಮೆ ಇರುವ ತಂಪು ನೀರೇ ಇದಕ್ಕೆ ಇಷ್ಟ. ಮೊದಲ ಕೆಲಸ ಸುಣ್ಣ, 40 ಕೆ.ಜಿ.ಯಂತೆ ವಾರಕ್ಕೊಮ್ಮೆ, ಪಿಎಚ್ ನೋಡಿಕೊಂಡು. ಸುಣ್ಣದ ಹತ್ತನೇ ಒಂದು ಪಾಲು ಅರಿಶಿನ ಸೇರಿಸುವ ರೂಢಿಯೂ ಇದೆ. ಇದೇ ರೋಗಕ್ಕೆಂದು ಭುವನೇಶ್ವರದ ಸಂಸ್ಥೆ ತಯಾರಿಸಿದ ಸಿಫಾಕ್ಸ್ ಎಂಬ ದ್ರಾವಣ ಇದೆ. ಎಕರೆಗೆ 400 ಮಿ.ಲೀ.ಯನ್ನು ನೀರಿನಲ್ಲಿ ಬೆರೆಸಿ ಎರಚಬೇಕು. ಅದು ಗಿಡಮೂಲಿಕೆ ಅಲ್ಲ, ಆದರೆ ಆ್ಯಂಟಿಬಯೋಟಿಕ್ಕೂ ಅಲ್ಲ.

ಹತ್ತಿ ಅಂಟಿದಂತೆ ಬಿಳಿ ಎಳೆ ಕಂಡರೆ ಶಿಲೀಂಧ್ರ. ಸಾಮಾನ್ಯವಾಗಿ ಬಲೆಯ ಗಾಯಕ್ಕೆ ಬರುತ್ತದೆ. ಹಿಡಿದವನ್ನು ಉಪ್ಪಿನ ನೀರಿನಲ್ಲಿ ಅದ್ದಿ ಬಿಡಿ. ಕಿವಿರು ಕಂದು ಬಣ್ಣಕ್ಕೆ ತಿರುಗಿದ್ದರೆ ನೀರಿನಲ್ಲಿ ನೈಟ್ರೈಟ್ ಏರಿದೆ. ಆಹಾರ ನಿಲ್ಲಿಸಿ ನೀರು ಬದಲಿಸಿ.

ಹೊಟ್ಟೆ ಊದಿ, ಹುರುಪೆ ಎದ್ದು ನಿಂತು, ಕಣ್ಣು ಉಬ್ಬಿದ್ದರೆ ಅದು ಬ್ಯಾಕ್ಟೀರಿಯಾ ರೋಗ ಇರಬಹುದು. ಅಂಥ ಮೀನು ಉಳಿಯುವುದು ಅಪರೂಪ. ತೆಗೆದು, ಕೆರೆಯಿಂದ ದೂರ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಸತ್ತ ಮೀನನ್ನು ದಡಕ್ಕೆ ಎಸೆದರೆ ಹಕ್ಕಿ, ನಾಯಿ ಎಳೆದಾಡಿ ಪಕ್ಕದ ಕೆರೆಗೂ ತಲುಪಿಸುತ್ತವೆ. ಬಲೆಯನ್ನು ಬಿಸಿಲಲ್ಲಿ ಒಣಗಿಸದೆ ಇನ್ನೊಬ್ಬರಿಗೆ ಕೊಡಬೇಡಿ, ಇಸಿದುಕೊಳ್ಳಲೂ ಬೇಡಿ.

ದಿನದಿನಕ್ಕೆ ಸಾವು ಹೆಚ್ಚುತ್ತಿದ್ದರೆ, ನೀರಿನ ಪರೀಕ್ಷೆ ಸರಿ ಇದ್ದೂ ನಿಲ್ಲದಿದ್ದರೆ, ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಗೆ ತಿಳಿಸಿ. ಕೇಂದ್ರ ಸರ್ಕಾರದ ‘ರಿಪೋರ್ಟ್ ಫಿಶ್ ಡಿಸೀಸ್’ ಎಂಬ ಮೊಬೈಲ್ ಆ್ಯಪ್ 2023ರಲ್ಲಿ ಬಂದಿದೆ, ಅದರಲ್ಲೂ ಫೋಟೊ ಸಮೇತ ವರದಿ ಮಾಡಬಹುದು. ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಎಂದು ಖಚಿತವಾಗಿ, ತಜ್ಞರು ಬರೆದುಕೊಟ್ಟರೆ ಆ್ಯಂಟಿಬಯೋಟಿಕ್ ಕೊಡುವುದು ತಪ್ಪಲ್ಲ. ಹೇಳಿದಷ್ಟು ದಿನ ಪೂರ್ತಿ ಕೊಡಿ. ಔಷಧಿ ನಿಲ್ಲಿಸಿ ಎಷ್ಟು ದಿನದ ಮೇಲೆ ಮೀನು ಮಾರಬಹುದು ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಮಾದರಿ ಒಯ್ಯುವಾಗ ಸತ್ತು ಕೊಳೆತ ಮೀನು ಕೊಂಡೊಯ್ದರೆ ಏನೂ ಗೊತ್ತಾಗುವುದಿಲ್ಲ, ಸತ್ತ ಮೇಲೆ ಎಲ್ಲ ಬ್ಯಾಕ್ಟೀರಿಯಾಗಳೂ ಸೇರಿಕೊಂಡಿರುತ್ತವೆ. ಸುಸ್ತಾಗಿ ಈಜುತ್ತಿರುವ ಮೂರ್ನಾಲ್ಕು ಮೀನನ್ನು ಆಮ್ಲಜನಕ ತುಂಬಿದ ಚೀಲದಲ್ಲಿ ಒಯ್ಯಿರಿ. ಅದಾಗದಿದ್ದರೆ ಆಗಷ್ಟೇ ಸತ್ತದ್ದನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಐಸ್ ಮೇಲಿಡಿ, ಫ್ರೀಜರ್‌ಗೆ ಹಾಕಬೇಡಿ. ಜೊತೆಗೆ ಒಂದು ಲೀಟರ್ ಕೆರೆ ನೀರು ಬೇರೆ ಬಾಟಲಿಯಲ್ಲಿ, ಬಾಯಿಯವರೆಗೂ ತುಂಬಿ. ಕಳೆದ ಹದಿನೈದು ದಿನದಲ್ಲಿ ಕೆರೆಗೆ, ತೋಟಕ್ಕೆ ಏನೇನು ಹಾಕಿದ್ದೀರಿ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬೋರ್ಡೋ ಹೊಡೆದಿದ್ದರೆ ಅದರ ದಿನಾಂಕವೂ ಇರಲಿ.